ಬಿಸಿಲಿಗೆ ಸೋರುವ ಮನೆ

ಮಳೆ ಸುರಿದ ದಿನ ಆ ಮನೆಯೊಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಚಳಿಗಾಲದಲ್ಲಿ ರಾತ್ರಿಯಿಡೀ ಕೊರೆದು, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಬಿಸಿಲು ಬಿತ್ತೋ, ಹಿಂದಿನ ಕೋಣೆಯ ಸೀಲಿಂಗು ತೊಟ್ಟಿಕ್ಕಲು ಶುರುಮಾಡುತ್ತಿತ್ತು. ಅದೂ ಸರಿಯಾಗಿ ಸೊಸೆಯ ಮಂಚದ ಮೇಲೆ. ಮೊದಮೊದಲು ತಟ್ಟೆಯಗಲವಿದ್ದ ಕಪ್ಪು ಕಲೆ ಈಗ ಚಾಪೆಯಗಲವಾಗಿತ್ತು. ಕಪಾಟಿನಲ್ಲಿದ್ದ ಅವಳ ಒಳ್ಳೆಯ ಬಟ್ಟೆಗಳಿಗೆ ಬೂಷ್ಟು ಹಿಡಿದಿತ್ತು. ಮಗಳು ಶಾಲೆಗೆ ಹಾಕಿಕೊಂಡು ಹೋಗುವ ಕೋಟಿನಿಂದ ಮುಗ್ಗಲು ವಾಸನೆ ಬರುತ್ತಿತ್ತು.

ಅವತ್ತು ಬೆಳಿಗ್ಗೆ ಅವಳು ಮಂಚವನ್ನು ಪಕ್ಕಕ್ಕೆಳೆದು, ಹನಿ ಬೀಳುವ ಜಾಗಕ್ಕೆ ಬಕೆಟ್ ಇಟ್ಟು, ತಿಂಡಿಯ ಮೇಜಿಗೆ ಬಂದಳು. “ಮಾವ, ಮತ್ತೆ ಸೋರ್ತಿದೆ,” ಅಂದಳು.

ಮಾವ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. ಸೊಸೆಯ ಜೊತೆ ನೇರವಾಗಿ ಮಾತಾಡುವುದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು. ಏನಿದ್ದರೂ ಹೆಂಡತಿಯ ಮೂಲಕ.

“ನಿನ್ನ ಸೊಸೆಗೆ ಹೇಳು, ನಾನು ಹಾಕಿದ ಮಾಡು ಸೋರಲ್ಲ. ಸೋರೋದಾದ್ರೆ ಮಳೇಲಿ ಸೋರಬೇಕಿತ್ತು. ಬಿಸಿಲಲ್ಲಿ ಸೋರುತ್ತೆ ಅಂದ್ರೆ ಅದು ಮಾಡಿನ ನೀರಲ್ಲ, ಮನೆಯೊಳಗಿನ ನೀರು.”

“ಮನೆಯೊಳಗಿನ ನೀರು ಸೀಲಿಂಗಿಗೆ ಹೆಂಗೆ ಹತ್ತುತ್ತೆ?” ಅಂದಳು ಸೊಸೆ.

“ಹಬೆಯಾಗಿ ಹತ್ತುತ್ತೆ. ಕೋಣೇಲಿ ಒದ್ದೆ ಬಟ್ಟೆ ಹರವ್ತಾಳೆ. ಮುಚ್ಚಳ ಇಲ್ಲದೆ ಆಲೂಗಡ್ಡೆ ಬೇಯಿಸ್ತಾಳೆ. ತಲೆಗೆ ನೀರು ಹಾಕ್ಕೊಳ್ಳೋಕೆ ಹೋದ್ರೆ ಅರ್ಧ ಊರಿಗಾಗೋಷ್ಟು ಕಾಯಿಸ್ತಾಳೆ. ಅದೆಲ್ಲ ಎಲ್ಲಿಗೆ ಹೋಗಬೇಕು?”

“ಹೇಳ್ತಿದಾರಲ್ಲಮ್ಮ,” ಅಂದರು ಅತ್ತೆ. “ಸ್ವಲ್ಪ ನೋಡ್ಕೊಂಡು ಮಾಡು.”

ಸೊಸೆ ಗಂಡನ ಮುಖ ನೋಡಿದಳು. ಅವನು ಬಸ್ ಡ್ರೈವರ್. ದಿನವಿಡೀ ಪೇಟೆಯ ಗಲಾಟೆಯ ನಡುವೆ ಹಾರ್ನ್ ಒತ್ತುವವನು ಮನೆಯ ಮೇಜಿನಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಚಹಾದ ಲೋಟದಲ್ಲಿ ಏನೋ ಬಿದ್ದಿದೆಯೆಂಬಂತೆ ಅದರೊಳಗೇ ಕಣ್ಣಿಟ್ಟು ಕುಡಿದು, ಟೋಪಿ ಎತ್ತಿಕೊಂಡು ಹೊರಟುಹೋದ.

ಆ ಮನೆಯನ್ನು ಕಟ್ಟಿದ್ದು ಮಾವನೇ. ಮನೆಗಳಿಗೆ ಮಾಡು, ಅಂದರೆ ಚಾವಣಿ, ಹಾಕುವುದು ಅವರ ಕಸುಬು. ಸುತ್ತಲಿನ ಬೀದಿಗಳಲ್ಲಿ ಅವರು ಹತ್ತದ ಮನೆಯಿರಲಿಲ್ಲ. ಮಾಡಿನ ಮೇಸ್ತ್ರಿ ಎಂದರೆ ಮಕ್ಕಳೂ ಬೆರಳು ತೋರಿಸುತ್ತಿದ್ದರು. ಅವರ ಕಣ್ಣಿಗೆ ಮಾಡಿನಲ್ಲಿ ತೂತು ಅಂದರೆ ಕೆಲಸಗಾರನ ಮಾನ ಹೋದ ಹಾಗೆ. ಒಂದು ಸಲ ಕಾಲು ಜಾರಿ ಬಿದ್ದು ಮಂಡಿ ಮುರಿದುಕೊಂಡ ಮೇಲೆ ಏಣಿಯ ಸಹವಾಸ ತಪ್ಪಿತ್ತು. ಅಂದಿನಿಂದ ಅವರ ಹತೋಟಿಗೆ ಸಿಕ್ಕ ಎತ್ತರದ ಜಾಗ ಅಂದರೆ ಮೇಜಿನ ತಲೆಕಡೆಯ ಕುರ್ಚಿ ಒಂದೇ. ಅಲ್ಲಿ ಕೂತು ಬಂದವರಿಗೆಲ್ಲ ಮಾಡಿನ ಗಟ್ಟಿತನವನ್ನೂ ಸೊಸೆಯ ನೀರಿನ ಹುಚ್ಚನ್ನೂ ವರ್ಣಿಸುತ್ತಿದ್ದರು.

ಸೊಸೆ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಅದೇ ಮಾವನಿಗೆ ಒಳ್ಳೆ ಅಸ್ತ್ರವಾಗಿತ್ತು. ಆ ವಾರ ಅತ್ತೆಯ ಅಕ್ಕ ಬಂದರು. ಸೊಸೆ ಅವರನ್ನು ದೊಡ್ಡತ್ತೆ ಎನ್ನುತ್ತಿದ್ದಳು. ಹೊಸ್ತಿಲು ದಾಟುತ್ತಲೇ ನಕ್ಕರು. “ಏನೇ, ಲಾಂಡ್ರೀನ ಮನೇಗೇ ತಂದಿಟ್ಟಿದೀಯಂತೆ. ಒಗೆದು ಒಗೆದು ಸೀಲಿಂಗೇ ಕರಗಿಸಿದೀಯಂತೆ.”

“ಯಾರು ಹೇಳಿದ್ರು?” ಅಂದಳು ಸೊಸೆ.

“ಬೀದಿಗೇ ಗೊತ್ತು. ಬೇಕರಿಯವನೂ ಕೇಳಿದ, ಮೇಸ್ತ್ರಿ ಮನೆ ಸೊಸೆ ಈಜುಕೊಳ ಕಟ್ಟಿಸ್ತಿದಾಳಾ ಅಂತ.”

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮಾವ ಮುಚ್ಚಿಕೊಳ್ಳಲೂ ಇಲ್ಲ.

ಸೊಸೆ ಬಡಿಸುತ್ತಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. “ಸರಿ. ನಾಳೆಯಿಂದ ಈ ಮನೇಲಿ ನನ್ನ ಕೈಯಿಂದ ಒಂದು ಹನಿ ನೀರು ಕಾಯಲ್ಲ. ನಾನೂ ನನ್ನ ಮಗಳೂ ಸ್ನಾನ ಲಾಂಡ್ರೀಲೇ ಮಾಡ್ಕೋತೀವಿ. ಬಟ್ಟೆ ಅಲ್ಲೇ ಒಣಗುತ್ತೆ. ಒಲೆ ಅತ್ತೇದು. ಆಮೇಲೆ ಸೋರುತ್ತಾ ನೋಡೋಣ.”

“ಅಡಿಗೆ?” ಅಂದರು ಅತ್ತೆ. ಅವರ ನಗು ನಿಂತಿತ್ತು.

“ನಂದು ನಾನು ಒಣಗಿದ್ದು ತಿಂತೀನಿ.”

ಅದನ್ನು ಅವಳು ಹೇಳಿದ ಹಾಗೇ ನಡೆಸಿದಳು. ಬೆಳಕು ಹರಿಯುವ ಮೊದಲೇ ಮಗಳನ್ನೆಬ್ಬಿಸಿ, ಟವಲು ಸೋಪು ಚೀಲಕ್ಕೆ ತುಂಬಿಕೊಂಡು ಹೊರಡುವಳು. ಲಾಂಡ್ರಿಯ ಕೆಲಸಗಾರರ ಬಚ್ಚಲಲ್ಲಿ ಇಬ್ಬರೂ ಸ್ನಾನ ಮುಗಿಸಿ, ಮಗಳನ್ನು ಅಲ್ಲಿಂದಲೇ ಶಾಲೆಗೆ ಬಿಡುವಳು. ಸಂಜೆ ಕ್ಯಾಂಟೀನಿನಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಸಿಕೊಂಡು ಬಂದು, ಎಲ್ಲರ ನಡುವೆ ಅದೇ ಮೇಜಿಗೆ ಕೂತು, ಮೊಟ್ಟೆಯ ಸಿಪ್ಪೆ ಸುಲಿಯುವಳು. ಒಂದೊಂದು ಚೂರೂ ಕೇಳಿಸುವ ಹಾಗೆ ತಟ್ಟೆಗೆ ಹಾಕುವಳು.

ಅತ್ತೆಗೆ ಸಾಕುಸಾಕಾಯಿತು. ಅನ್ನ, ಬೇಳೆ, ಪಾತ್ರೆ, ಮಾವನ ಮಂಡಿಗೆ ಕಾವು ಕೊಡುವ ಬಿಸಿನೀರು, ಎಲ್ಲ ಅವರ ಮೇಲೇ ಬಿತ್ತು. “ಹಟಕ್ಕೊಂದು ಮಿತಿ ಬೇಡ್ವಾ,” ಎಂದು ಪಾತ್ರೆ ಕುಕ್ಕಿದರು.

“ಹಟ ಅಲ್ಲ ಅತ್ತೆ, ಮಾವ ಹೇಳಿದ ಹಾಗೇ ಮಾಡ್ತಿದೀನಿ. ಅವರ ಮಾತು ಮೀರೋಕಾಗುತ್ತಾ?”

“ಲೋ, ನಿನ್ನ ಹೆಂಡತಿಗೆ ನಾಲಿಗೆ ಎಷ್ಟುದ್ದ ಇದೆ ನೋಡಿದ್ಯಾ?” ಅಂದರು ಮಾವ ಮಗನಿಗೆ.

ಮಗ ಬೇಳೆಯಲ್ಲಿ ಕೈ ಆಡಿಸಿದ. “ಊಟ ಮಾಡಿ ಅಪ್ಪ, ತಣ್ಣಗಾಗುತ್ತೆ.”

ಮುಂದಿನ ವಾರ ಮತ್ತೆ ಚಳಿ ಬಿಗಿಯಿತು. ಮತ್ತೆ ಬಿಸಿಲು ಬಂತು. ಹನಿ ಬಕೆಟ್ಟಿಗೆ ಟಪ್ ಟಪ್ ಎಂದು ಬಿದ್ದಿತು. ಸೊಸೆ ಬಕೆಟ್ಟನ್ನು ತಂದು ಮಾವನ ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲೇ ಇಟ್ಟಳು.

“ಇದು ಯಾರ ನೀರು ಮಾವ?”

ಅವರು ಒಂದು ಕ್ಷಣ ಬಕೆಟ್ಟನ್ನು ದಿಟ್ಟಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಹಳೇದು. ಇಷ್ಟು ವರ್ಷ ಕುಡಿಸಿದ್ದು ಒಂದು ವಾರದಲ್ಲಿ ಒಣಗುತ್ತಾ? ಹೇಳು ಅವಳಿಗೆ.”

ಅದರ ಮರುವಾರವೂ ಬಿತ್ತು. ಆಗಲೂ ಹಳೆಯ ನೀರೇ. ಸೊಸೆಗೆ ಗೊತ್ತಾಯಿತು, ತಾನು ಮರಳುಗಾಡಿಗೆ ಹೋಗಿ ಕೂತರೂ ಈ ಮೇಜಿನಲ್ಲಿ ತಪ್ಪು ತನ್ನದೇ. ಮಾಡಿನ ಕೆಲಸದವರನ್ನು ಕರೆಸೋಣವೆಂದು ಗಂಡನಿಗೆ ಹೇಳಿದರೆ ಅವನ ಮುಖ ಬಿಳುಚಿಕೊಂಡಿತು. “ಅಪ್ಪನ ಮಾಡಿನ ಮೇಲೆ ಬೇರೆಯವರ ಕಾಲಾ? ಸುಮ್ನಿರು. ಚಳಿಗಾಲ ಕಳೀಲಿ.” ಪ್ರತಿ ಚಳಿಗಾಲವೂ ಅವನು ಇದನ್ನೇ ಹೇಳಿದ್ದ.

ರಜೆಯ ದಿನ, ಗಂಡ ಕೆಲಸಕ್ಕೆ, ಮಗಳು ಗೆಳತಿಯ ಮನೆಗೆ ಹೋಗಿದ್ದಾಗ, ಮಾವ ಬಚ್ಚಲು ಹೊಕ್ಕ ಹೊತ್ತು ನೋಡಿ ಅವಳು ಏಣಿ ತಂದಳು. ಮಾವ ಬಚ್ಚಲಿಗೆ ಹೋದರೆ ಬೇಗ ಬರುವವರಲ್ಲ; ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚಿ ಮಂಡಿ ನೆನೆಸುತ್ತ ಕೂರುತ್ತಿದ್ದರು. ಅಟ್ಟಕ್ಕೆ ಹೋಗುವ ದಾರಿ ಕೋಣೆಗಳ ನಡುವಿನ ಓಣಿಯ ಸೀಲಿಂಗಿನಲ್ಲಿತ್ತು, ಒಂದು ಸಡಿಲ ಹಲಗೆ ಮುಚ್ಚಿದ ಚೌಕ. ಅದನ್ನು ತಲೆಯಿಂದ ಎತ್ತಿದಾಗ ಮನೆಯ ಬೆಚ್ಚನೆ ಗಾಳಿ ಅವಳ ಕಿವಿಗಳ ಪಕ್ಕದಿಂದ ಮೇಲಕ್ಕೆ ನುಗ್ಗಿತು. ಒಲೆ ಹಚ್ಚಿ ಕಾಯಿಸಿದ್ದೆಲ್ಲ ಇಲ್ಲಿಗೇ ಬರುತ್ತಿದೆಯಲ್ಲ ಎಂದುಕೊಂಡಳು.

ಟಾರ್ಚ್ ಹಾಕಿದಳು. ಮಾಡಿನ ಹಲಗೆಗಳಿಂದ ಒಳಕ್ಕೆ ಚಾಚಿಕೊಂಡಿದ್ದ ಮೊಳೆಗಳ ತುದಿಯೆಲ್ಲ ಸಕ್ಕರೆಯಲ್ಲಿ ಅದ್ದಿದ ಹಾಗೆ ಬೆಳ್ಳಗಿದ್ದವು. ಹತ್ತಿರ ಹೋಗಿ ಮುಟ್ಟಿದರೆ ಮಂಜುಗಡ್ಡೆ. ಬಿಸಿಲು ಬೀಳುವ ಕಡೆಯ ಮೊಳೆಗಳಲ್ಲಿ ಅದು ಆಗಲೇ ಕರಗುತ್ತಿತ್ತು. ಒಂದೊಂದು ತುದಿಯಲ್ಲೂ ಒಂದೊಂದು ಹನಿ ತೂಗಿ, ಕಳಚಿ, ಚಳಿ ತಡೆಯಲೆಂದು ಕೆಳಗೆ ಹಾಸಿದ್ದ ಹಳದಿ ಗ್ಲಾಸ್ ವುಲ್, ಗಾಜಿನೆಳೆಯ ಉಣ್ಣೆಯ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು. ಉಣ್ಣೆ ನೆನೆದು ಚಪ್ಪಟೆಯಾಗಿತ್ತು. ಹಲಗೆಗಳು ಇದ್ದಿಲ ಬಣ್ಣಕ್ಕೆ ತಿರುಗಿದ್ದವು. ಒಂದಕ್ಕೆ ಉಗುರು ಒತ್ತಿದರೆ ಒಳಗೆ ಇಳಿಯಿತು. ಹೊರಗಿನಿಂದ ನೋಡಿದರೆ ಸೂರಿನ ಕೆಳಗೆ ಸಾಲಾಗಿ ಗಾಳಿಕಂಡಿಗಳಿದ್ದವು. ಒಳಗಿನಿಂದ ಒಂದೂ ಕಾಣಲಿಲ್ಲ. ಉದ್ದಕ್ಕೂ ಗ್ಲಾಸ್ ವುಲ್ ಗಿಡಿದು ಯಾರೋ ಬಿಗಿಯಾಗಿ ಮುಚ್ಚಿದ್ದರು.

ತೊಲೆಯಿಂದ ತೊಲೆಗೆ ಮಂಡಿಯೂರಿ ಅವಳು ಹಿಂದಿನ ಮೂಲೆಗೆ ಸರಿದಳು. ಅಲ್ಲಿ ಕೆಳಗಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್. ಅದರಿಂದ ಹೊರಟ ಅಗಲವಾದ ಪೈಪು ಮಾಡನ್ನು ದಾಟಿ ಹೊರಗೆ ಹೋಗಬೇಕಿತ್ತು. ಹೋಗಿರಲಿಲ್ಲ. ಉಣ್ಣೆಯ ಮೇಲೆ ಹಾವಿನಂತೆ ಮಲಗಿ, ಬಾಯಿ ತೆರೆದುಕೊಂಡು, ಬಿಳಿ ಹಬೆಯನ್ನು ಬುಸುಬುಸು ಅಟ್ಟಕ್ಕೇ ಉಗುಳುತ್ತಿತ್ತು. ಪಕ್ಕದಲ್ಲಿ ಪೈಪಿನ ತುದಿಗೆ ಮಾಡಿನ ಮೇಲೆ ಕೂರಿಸುವ ತಗಡಿನ ಟೋಪಿ ಬಿದ್ದಿತ್ತು. ಅಂಗಡಿಯ ಚೀಟಿಯೂ ಕಿತ್ತಿರಲಿಲ್ಲ.

ಲಾಂಡ್ರಿಯಲ್ಲಿ ಒಮ್ಮೆ ಡ್ರೈಯರಿನ ಪೈಪು ಹರಿದು, ಮಧ್ಯಾಹ್ನದೊಳಗೆ ಗೋಡೆಯೆಲ್ಲ ಬೆವರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ರಾತ್ರಿಯ ಚಳಿಗೆ ಹಬೆ ಮೊಳೆಗಳ ಮೇಲೆ ಹೆಪ್ಪುಗಟ್ಟಿ, ಬೆಳಿಗ್ಗೆ ಬಿಸಿಲಿಗೆ ಕರಗಿ ಬೀಳುತ್ತದೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹಬೆಯ ಜೊತೆ ಅದೇ ಪೈಪಿನಿಂದ ಇನ್ನೊಂದು ಸದ್ದೂ ಬಂತು. ಮಾವ ಕೆಳಗೆ ಬಿಸಿನೀರಿನಲ್ಲಿ ಕೂತು ಯಾವುದೋ ಹಳೆಯ ರಾಗ ಗುನುಗುತ್ತಿದ್ದರು. ಅವಳು ಆ ಕತ್ತಲಲ್ಲಿ ಮಂಡಿಯೂರಿ ಅದನ್ನು ಕೇಳಿಸಿಕೊಂಡಳು. ಅವರ ಸ್ನಾನದ ಹಬೆ ಅವಳ ಮುಖಕ್ಕೆ ತಾಗಿ ತಣ್ಣಗಾಯಿತು.

ಕೆಳಗಿಳಿದಾಗ ಏಣಿಯ ಬುಡದಲ್ಲಿ ಅತ್ತೆ ನಿಂತಿದ್ದರು. ಸೊಸೆಯ ಕೂದಲು, ತೋಳಿಗೆಲ್ಲ ಹಳದಿ ಎಳೆ ಅಂಟಿತ್ತು. ಅತ್ತೆ ಬಚ್ಚಲಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಪೈಪ್ ನೋಡಿದ್ಯಾ?”

ಸೊಸೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ನಿಮಗೆ ಗೊತ್ತಿತ್ತಾ?”

“ಬಚ್ಚಲು ಹೊಸದು ಮಾಡಿಸಿದಾಗ ನಿನ್ನ ಮಾವ ಕಾಲು ಮುರ್ಕೊಂಡು ಮಲಗಿದ್ರು. ಪೈಪಿಗೆ ಇದೊಂದು ತೂತು ನೀನೇ ಕೊರಿ ಅಂತ ನಿನ್ನ ಗಂಡನ್ನ ಹತ್ತಿಸಿದ್ರು. ಇವನು ಮೇಲೆ, ಇವರು ಕೆಳಗೆ ಮಲಗಿದಲ್ಲಿಂದಲೇ ಕೂಗಾಟ. ಅಲ್ಲಿ ಕೊರೀಬೇಡ, ಇಲ್ಲಿ ಕೊರಿ, ನನ್ನ ಮಾಡು ಹಾಳು ಮಾಡ್ಬೇಡ. ಇವನು ಅರ್ಧ ಗಂಟೆಗೆಲ್ಲ ಇಳಿದುಬಂದು ಆಯ್ತು ಅಂದ. ಹೆತ್ತವಳಿಗೆ ಮಗ ಸುಳ್ಳು ಹೇಳೋದು ಗೊತ್ತಾಗಲ್ವಾ? ಹಿಂದಿನ ಮಾಡು ಪಕ್ಕದವರ ಗೋಡೆಗೆ ಮರೆ, ಕೆಳಗಿಂದ ಕಾಣಲ್ಲ. ಹಂಗೇ ನಡ್ಕೊಂಡು ಹೋಯ್ತು.”

“ಮಾವ ನನ್ನ ಬೈತಿದ್ರೆ ನೀವೂ ಜೊತೆಗೆ ಬೈತಿದ್ರಿ.”

“ಏನು ಮಾಡ್ಲಿ? ಇವನು ಅಪ್ಪನ ಕಸುಬು ಬೇಡ ಅಂತ ಬಸ್ಸಿಗೆ ಸೇರಿದಾಗ ಒಂದು ಚಳಿಗಾಲ ಪೂರ್ತಿ ಅಪ್ಪ ಮಗ ಮುಖ ನೋಡಿರಲಿಲ್ಲ. ಬೇರೆಬೇರೆ ಹೊತ್ತಿಗೆ ಎರಡು ಸಲ ಬಡಿಸ್ತಿದ್ದೆ. ಮತ್ತೆ ಅದು ಬೇಡ ಅನ್ನಿಸ್ತು.” ಅತ್ತೆ ಸೊಸೆಯ ಭುಜದ ಮೇಲಿನ ಎಳೆ ತೆಗೆಯಲು ಕೈ ಚಾಚಿದರು. “ನೀನು ಗಟ್ಟಿ. ತಡ್ಕೋತೀಯ ಅಂದ್ಕೊಂಡೆ.”

ಸೊಸೆ ಆ ಕೈಯನ್ನು ತಳ್ಳಿದಳು. “ಮುಟ್ಬೇಡಿ, ಚುಚ್ಚುತ್ತೆ,” ಅಂದಳು.

ಮನೆಯ ಗೋಡೆಗೂ ಕಿವಿ ಇದ್ದದ್ದರಿಂದ ಅವಳು ನೇರವಾಗಿ ಬಸ್ ಡಿಪೋಗೆ ಹೋದಳು. ಗಂಡ ಕ್ಯಾಂಟೀನಿನಲ್ಲಿ ಜೊತೆಯವರೊಂದಿಗೆ ನಗುತ್ತ ಕೂತಿದ್ದ. ಅವನು ಹಾಗೆ ಬಾಯಿ ತುಂಬ ನಗುವುದನ್ನು ಅವಳು ಮನೆಯಲ್ಲಿ ಕಂಡಿರಲಿಲ್ಲ. ಅವಳನ್ನು ನೋಡಿ ಎದ್ದು, ನಿಂತಿದ್ದ ಖಾಲಿ ಬಸ್ಸಿನೊಳಗೆ ಕರೆದುಕೊಂಡು ಹೋದ. ಮದುವೆಯಾದಾಗಿನಿಂದ ಅವನಿಗೆ ನೀವು ಅನ್ನುತ್ತಿದ್ದವಳ ಬಾಯಲ್ಲಿ ಆ ದಿನ ಅದು ಬರಲಿಲ್ಲ.

“ಅಟ್ಟ ಹತ್ತಿದ್ದೆ. ಟೋಪಿ ಇನ್ನೂ ಹೊಸದಾಗೇ ಇದೆ. ನಿನ್ನ ತಲೆ ಮೇಲೆ ಇಡೋಕೆ ಎತ್ತಿಟ್ಟಿದೀಯಾ?”

ಅವನು ಸೀಟಿನ ಕಂಬಿ ಹಿಡಿದು ಕೂತ. “ಮೆತ್ತಗೆ ಮಾತಾಡು.”

“ನಾನು ಇಷ್ಟು ವರ್ಷ ಮೆತ್ತಗೇ ಇದ್ದೆ. ಯಾಕೆ ಕೊರೀಲಿಲ್ಲ?”

“ಕೈ ಬರಲಿಲ್ಲ. ಕೆಳಗಿಂದ ಅಪ್ಪ ಕೂಗ್ತಾನೇ ಇದ್ರು. ಒಂದಿಂಚು ಆಚೀಚೆ ಆದ್ರೆ ಸಾಯೋವರೆಗೂ ಆಡ್ಕೋತಾರೆ ಅಂತ, ನಾಳೆ ಮಾಡಿದ್ರಾಯ್ತು ಅಂದ್ಕೊಂಡು ಇಳಿದುಬಿಟ್ಟೆ.”

“ಅಪ್ಪನಿಗೆ ಹೇಳು.”

“ಹೇಳ್ತೀನಿ. ಭಾನುವಾರ ಹೇಳ್ತೀನಿ.”

“ನೀನು ಹೇಳದಿದ್ರೆ ಸೋಮವಾರ ನಾನು ಹೇಳ್ತೀನಿ. ಆಮೇಲೆ ಮಗಳನ್ನ ಕರ್ಕೊಂಡು ನಮ್ಮಕ್ಕನ ಮನೆಗೆ ಹೋಗ್ತೀನಿ. ನೀನು ನಿಮ್ಮಪ್ಪ ನಿಮ್ಮಮ್ಮ ಮೂರೂ ಜನ ಬಕೆಟ್ ಹಿಡ್ಕೊಂಡು ಕೂತಿರಿ.”

ಭಾನುವಾರ ಅವನು ಹೇಳಲಿಲ್ಲ. ಅವನಿಗೆ ಇನ್ನೊಂದು ಉಪಾಯ ಹೊಳೆದಿತ್ತು: ಯಾರಿಗೂ ತಿಳಿಯದ ಹಾಗೆ ಹತ್ತಿ, ಗರಗಸದಲ್ಲಿ ತೂತು ಕೊರೆದು, ಪೈಪು ಹೊರಗೆ ಹಾಕಿ, ಟೋಪಿ ಕೂರಿಸಿಬಿಟ್ಟರೆ ಹೇಳುವುದಕ್ಕೇ ಏನೂ ಉಳಿಯುವುದಿಲ್ಲ. ಮಧ್ಯಾಹ್ನ ಮಾವ ಊಟಕ್ಕೆ ಕೂತ ಹೊತ್ತಿಗೆ ಬಸ್ಸಿನ ಕೆಲಸವಿದೆ ಎಂದು ಎದ್ದವನು ಓಣಿಯ ಏಣಿ ಹತ್ತಿದ. ಮಗಳು ಬೇಳೆಯಲ್ಲಿ ಬ್ರೆಡ್ಡು ಅದ್ದುತ್ತಿದ್ದಳು. ಅತ್ತೆ ಬಡಿಸುತ್ತಿದ್ದರು. ಸೊಸೆ ತನ್ನ ಮೊಟ್ಟೆ ಸುಲಿಯುತ್ತಿದ್ದಳು.

ಮೇಲೆ ಏನೋ ಸರಿದ ಸದ್ದಾಯಿತು. ಮಾವ ತಲೆಯೆತ್ತಿದರು. “ಇಲಿನಾ?”

ಇಲಿಯಲ್ಲ. ಚಟ್ ಎಂದು ಸೀಲಿಂಗು ಬಿರಿದು, ಮೇಜಿನ ನಟ್ಟನಡುವೆ ಸುಣ್ಣದ ಹಲಗೆಯ ಚೂರು, ಒದ್ದೆ ಉಣ್ಣೆ ಬಿದ್ದವು. ಅವುಗಳ ಹಿಂದೆಯೇ ಬೂಟು ಸಮೇತ ಒಂದು ಕಾಲು ತೊಡೆಯವರೆಗೆ ಇಳಿದು ನೇತಾಡತೊಡಗಿತು. ಬೇಳೆಯ ಪಾತ್ರೆ ಮಗುಚಿತು.

ಮಗಳೇ ಮೊದಲು ಹೇಳಿದ್ದು. “ಅಪ್ಪನ ಬೂಟು.”

“ಲೋ,” ಅಂದರು ಮಾವ, ಆ ಕಾಲನ್ನೇ ನೋಡುತ್ತ. “ಏನೋ ಮಾಡ್ತಿದೀಯ ಅಲ್ಲಿ?”

ಕಾಲು ಒದ್ದಾಡುವುದನ್ನು ನಿಲ್ಲಿಸಿತು.

“ಪೈಪ್ ಹಾಕ್ತಿದಾರೆ ಮಾವ,” ಅಂದಳು ಸೊಸೆ. “ಬಚ್ಚಲಿಂದು. ಆವಾಗ ಹಾಕಿದೀನಿ ಅಂದಿದ್ರಲ್ಲ, ಅದು.” ಹೇಳಿ, ಮೊಟ್ಟೆಗೆ ಬಿದ್ದ ಧೂಳನ್ನು ಊದಿ, ಕಚ್ಚಿದಳು.

ಮಾವ ಎದ್ದರು. ಬೇಡ, ಮಂಡಿ, ಏಣಿ ಎಂದು ಅತ್ತೆ ಅಡ್ಡ ನಿಂತರೆ ಅವರನ್ನು ಪಕ್ಕಕ್ಕೆ ಸರಿಸಿದರು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಹಲ್ಲು ಕಚ್ಚಿ, ಅವರು ಅಟ್ಟಕ್ಕೆ ಹತ್ತಿದರು. ಕೆಳಗೆ ನಿಂತವರಿಗೆ ಎಲ್ಲ ಕೇಳಿಸುತ್ತಿತ್ತು.

“ಕಾಲು ಎತ್ತು ಮೊದಲು. ತೊಲೆ ಮೇಲೆ ಇಡು, ಕತ್ತೆ. ತೊಲೆ ಯಾವುದು, ಗಾಳಿ ಯಾವುದು ಗೊತ್ತಾಗಲ್ವಾ?” ಆಮೇಲೆ: “ಇದನ್ನ ಹಿಂಗೇ ಬಿಟ್ಟಿದ್ಯಾ? ಅವತ್ತಿಂದ?”

“ಹೂಂ.”

“ಆಯ್ತು ಅಂದಿದ್ಯಲ್ಲೋ.”

“ನೀವು ಕೂಗ್ತಿದ್ರಿ ಅಪ್ಪ.”

ಕೆನ್ನೆಗೆ ಬಿದ್ದ ಏಟಿನ ಸದ್ದು ಕೇಳಿಸಿತು. ಅತ್ತೆ ಏಣಿಯ ಕಾಲನ್ನು ಬಿಗಿಯಾಗಿ ಹಿಡಿದುಕೊಂಡರು. ಬಳಿಕ ಟಾರ್ಚಿನ ಬೆಳಕು ಹಲಗೆಗಳ ಮೇಲೆ ಅಡ್ಡಾಡಿ, ಸೂರಿನ ಅಂಚಿಗೆ ಹೋಗಿ ನಿಂತಿತು. ಬಹಳ ಹೊತ್ತು ನಿಂತಿತು. ಉಣ್ಣೆ ಕೀಳುವ ಸದ್ದು ಬಂತು. ಮತ್ತೆ ಮಾವನ ದನಿ ಕೇಳಿದಾಗ ಅದರಲ್ಲಿ ಬೈಗುಳವಿರಲಿಲ್ಲ. ಯಾರಿಗೂ ಅಲ್ಲದ ಹಾಗೆ ಹೇಳಿಕೊಳ್ಳುತ್ತಿದ್ದರು.

“ಚಳಿಗಾಳಿ ಬರುತ್ತೆ ಅಂತ ಇದನ್ನ ನಾನೇ ಗಿಡಿದೆ. ಕೆಳಗೆ ಮುಚ್ಚಬೇಕಿತ್ತು. ಮನೆಗೂ ಅಟ್ಟಕ್ಕೂ ನಡುವೆ ಮುಚ್ಚಬೇಕಿತ್ತು. ಬೆಚ್ಚನೆ ಗಾಳಿ ಮೇಲೆ ಬರೋದನ್ನ ಬಿಟ್ಟು, ಹೊರಗೆ ಹೋಗೋ ದಾರಿ ಮುಚ್ಚಿದೀನಿ.”

ಇಳಿದು ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಕೈ ತೊಳೆಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೊಸೆ ಸೋಮವಾರ ಅಕ್ಕನ ಮನೆಗೆ ಹೋಗಲಿಲ್ಲ. ಹೋಗಿದ್ದರೆ ಮುಂದಿನ ಎರಡು ವಾರ ತಪ್ಪುತ್ತಿದ್ದವು, ಮತ್ತು ಆ ಎರಡು ವಾರ ಮನೆಯಲ್ಲಿ ನಡೆಯುವುದನ್ನು ಅವಳಿಗೆ ನೋಡಬೇಕಾಗಿತ್ತು. ಮಾವ ಏಣಿಯ ಮೇಲ್ಮೆಟ್ಟಿಲಲ್ಲಿ ದಿಂಬು ಹಾಕಿಕೊಂಡು, ಸೊಂಟದ ಮೇಲಿನ ಭಾಗ ಅಟ್ಟದಲ್ಲಿ, ಕೆಳಗಿನ ಭಾಗ ಓಣಿಯಲ್ಲಿ ಇಟ್ಟುಕೊಂಡು ಕೂತು ಕೆಲಸ ಮಾಡಿಸಿದರು. ಗಂಡ ಡ್ಯೂಟಿ ಮುಗಿಸಿ ಬಂದವನು ಊಟಕ್ಕೂ ಮೊದಲು ಮೇಲೆ ಹತ್ತಬೇಕು. ನೆನೆದ ಉಣ್ಣೆಯನ್ನೆಲ್ಲ ಚೀಲಕ್ಕೆ ತುಂಬಿ ಇಳಿಸಿದ. ದೀಪದ ತಂತಿ ಇಳಿಯುವ ತೂತು, ಗೋಡೆಯ ತಲೆಯ ಬಿರುಕು, ಕೊಳವೆಯ ಸುತ್ತಲಿನ ಸಂದು, ಎಲ್ಲಕ್ಕೂ ಫೋಮ್ ತುಂಬಿದ. ಅಟ್ಟದ ಬಾಗಿಲ ಹಲಗೆಗೆ ಸುತ್ತಲೂ ರಬ್ಬರ್ ಪಟ್ಟಿ ಅಂಟಿಸಿದ. ಸೂರಿನ ಕಂಡಿಗಳನ್ನೆಲ್ಲ ಬಿಡಿಸಿ, ಮತ್ತೆ ಉಣ್ಣೆ ಜಾರಿ ಮುಚ್ಚದ ಹಾಗೆ ಅಡ್ಡ ಹಲಗೆ ಕೊಟ್ಟ. ಕೊಳೆತ ಹಲಗೆಗಳನ್ನು ಬದಲಿಸಿದ. ಕೊನೆಗೆ ಮಾವನ ಕಣ್ಣೆದುರೇ ಅವರ ಮಾಡಿಗೆ ತೂತು ಕೊರೆದ. ಗರಗಸ ಆಡಿದಷ್ಟು ಹೊತ್ತೂ ಮಾವ ಕಣ್ಣು ಮುಚ್ಚಿಕೊಂಡಿದ್ದರು ಎಂದು ಮಗಳು ಬಂದು ಹೇಳಿದಳು. ಎಲ್ಲ ಆದ ಮೇಲೆ ಹೊಸ ಉಣ್ಣೆಯನ್ನು ಮೊಣಕಾಲೆತ್ತರ ಹಾಸಿದರು.

ಅಷ್ಟು ದಿನವೂ ಸೊಸೆ ಸ್ನಾನಕ್ಕೆ ಲಾಂಡ್ರಿಗೇ ಹೋದಳು. ಅಡಿಗೆಮನೆಗೆ ಕಾಲಿಡಲಿಲ್ಲ.

“ಇನ್ನೂ ಏನು?” ಅಂದರು ಅತ್ತೆ. “ಎಲ್ಲಾ ಗೊತ್ತಾಯ್ತಲ್ಲ.”

“ನಮಗೆ ಗೊತ್ತಾಯ್ತು. ಬೇಕರಿಯವನಿಗೆ ಗೊತ್ತಾಯ್ತಾ? ದೊಡ್ಡತ್ತೆಗೆ ಗೊತ್ತಾಯ್ತಾ?”

ಎರಡನೇ ವಾರದ ಕೊನೆಗೆ ಒಂದು ಮಧ್ಯಾಹ್ನ ಅವಳು ಲಾಂಡ್ರಿಯಲ್ಲಿ ಚಾದರ ಮಡಚುತ್ತಿದ್ದಾಗ ಬಾಗಿಲಲ್ಲಿ ಮಾವ ನಿಂತಿದ್ದರು. ಊರುಗೋಲು ಹಿಡಿದು ಅಷ್ಟು ದೂರ ನಡೆದು ಬಂದಿದ್ದರು. ಅವಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಬಂದದ್ದು ಅದೇ ಮೊದಲು. ಹಬೆಗೆ ಕನ್ನಡಕ ಮಂಜಾಗಿ, ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಅವಳು ಚಾದರದ ಎರಡು ತುದಿ ಕೈಯಲ್ಲಿ ಹಿಡಿದೇ ಹತ್ತಿರ ಬಂದಳು.

“ತಪ್ಪು ನಿಂದಲ್ಲ,” ಅಂದರು ಮಾವ. ಎಷ್ಟೋ ಕಾಲದ ನಂತರ ಅವಳನ್ನೇ ನೋಡಿ ಆಡಿದ ಮಾತು. “ಅದನ್ನ ಹೇಳೋಕೆ ಬಂದೆ.”

“ಇಲ್ಲಿ ಯಾರಿಗೂ ಕೇಳಿಸಲ್ಲ ಮಾವ, ಮಿಷನ್ ಸದ್ದು.”

“ನಿನಗೆ ಕೇಳಿಸ್ತಲ್ಲ.”

“ಬೈದಿದ್ದು ಮೇಜಿನ ಮೇಲೆ. ಎಲ್ಲರೂ ಕೂತಿದ್ದಾಗ. ಇದನ್ನೂ ಅಲ್ಲೇ ಹೇಳಿ.”

“ಮನೆ ವಿಷಯ ಊರಿಗೆಲ್ಲ ಯಾಕೆ?”

“ಊರಿಗೆ ಹೇಳಿದ್ದು ನಾನಲ್ಲ.”

ಮಾವ ಊರುಗೋಲು ನೆಲಕ್ಕೆ ಕುಟ್ಟಿ ತಿರುಗಿ ಹೊರಟರು. ಅವಳು ಒಂದು ಹೆಜ್ಜೆ ಮುಂದಿಟ್ಟು, ನಿಂತಳು. ಚಾದರ ಮಡಚಿ ರಾಶಿಗೆ ಹಾಕಿದಳು.

ಭಾನುವಾರ ದೊಡ್ಡತ್ತೆ ಊಟಕ್ಕೆ ಬಂದರು. ಕರೆದದ್ದು ಯಾರೆಂದು ಯಾರೂ ಹೇಳಲಿಲ್ಲ. ಮೇಜಿನ ಮೇಲೆ ಸೀಲಿಂಗಿಗೆ ಹಾಕಿದ ತೇಪೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಮಾವ ಅನ್ನ ಕಲಸುತ್ತಿದ್ದವರು ತಟ್ಟೆಯನ್ನೇ ನೋಡುತ್ತ ಗೊಣಗಿದರು. “ಸೋರಿದ್ದು ಇವಳಿಂದಲ್ಲ.”

“ಏನಂದ್ರಿ?” ಅಂದರು ದೊಡ್ಡತ್ತೆ.

“ಏನಿಲ್ಲ ಅಕ್ಕ, ಊಟ ಮಾಡು,” ಅಂದರು ಅತ್ತೆ.

“ಇನ್ನೊಂದು ಸಲ ಹೇಳಿ ಮಾವ,” ಅಂದಳು ಸೊಸೆ. “ದೊಡ್ಡತ್ತೆಗೆ ಈ ಕಡೆ ಕಿವಿ ಮಂದ.”

ಮಾವ ತಲೆಯೆತ್ತಿದರು. ಅವರ ಕಣ್ಣಲ್ಲಿ ಹಿಂದಿನ ಉರಿಯೇ ಇತ್ತು, ಒಂದಿಷ್ಟೂ ಆರಿರಲಿಲ್ಲ. ಆದರೆ ಕೈಯೂರಿ ಎದ್ದು ನಿಂತು, ಮಾಡಿನ ಮೇಲಿನಿಂದ ಕೆಳಗಿನವರಿಗೆ ಕೂಗಿ ಹೇಳುತ್ತಿದ್ದ ಆ ಹಳೆಯ ದನಿಯಲ್ಲಿ, ಪಕ್ಕದ ಮನೆಯವರೂ ಕಿಟಕಿಗೆ ಬರುವ ಹಾಗೆ ಹೇಳಿದರು. “ಸೋರಿದ್ದು ಈ ಹುಡುಗಿಯಿಂದಲ್ಲ. ನನ್ನಿಂದ, ನನ್ನ ಮಗನಿಂದ. ನನ್ನ ಸ್ನಾನದ ನೀರು ಅದು. ಸಾಕಾ?”

“ಸಾಕು,” ಅಂದಳು ಸೊಸೆ. ಎದ್ದು ಅಡಿಗೆಮನೆಗೆ ಹೋಗಿ ತಾನೂ ಒಂದು ತಟ್ಟೆ ತಂದು, ಬೇಳೆ ಬಡಿಸಿಕೊಂಡಳು. ದೊಡ್ಡತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿ, ಬೇಗಬೇಗ ಉಂಡರು.

ಊಟವಾದ ಮೇಲೆ ಅವಳು ಪಾತ್ರೆಗೆ ನಿಂತಳು. ಗಂಡ ಬಂದು, ಯಾರೂ ಹೇಳದೆಯೇ ಬಟ್ಟೆ ತೆಗೆದುಕೊಂಡು ತಟ್ಟೆ ಒರೆಸತೊಡಗಿದ. ಅವನ ತೊಡೆಯ ಮೇಲಿನ ತರಚುಗಾಯ ಇನ್ನೂ ಮಾಯದೆ ಸ್ವಲ್ಪ ಕುಂಟುತ್ತಿದ್ದ.

“ಸದ್ಯ, ಮುಗೀತು,” ಅಂದ.

“ನಿಮ್ಮಪ್ಪನದು ಮುಗೀತು.”

ಒರೆಸುವ ಕೈ ನಿಂತಿತು. “ಇನ್ನೇನು ಉಳಿದಿದೆ? ಪೈಪ್ ಹಾಕಿದೆ, ಏಟು ತಿಂದೆ, ಎರಡು ವಾರ ಬೈಸಿಕೊಂಡೆ.”

“ನಾನು ಪೈಪಿನ ವಿಷಯ ಹೇಳ್ತಿಲ್ಲ.” ಅವಳು ಅವನ ಕಡೆ ತಿರುಗಿದಳು. “ಇಷ್ಟು ವರ್ಷ ಅವರು ನನ್ನ ಬೈತಿದ್ರೆ ನೀನು ಎದುರಿಗೇ ಕೂತು ಊಟ ಮಾಡ್ತಿದ್ದೆ. ತಪ್ಪು ಯಾರದು ಅಂತ ಗೊತ್ತಿದ್ದೂ. ಅದು ಗಂಟಲಲ್ಲಿ ಹೆಂಗೆ ಇಳೀತಿತ್ತು? ಅದನ್ನ ಹೇಳು.”

ಅವನು ಬಾಗಿಲ ಕಡೆ ನೋಡಿದ. ಹೊರಗೆ ಅತ್ತೆ ಅಕ್ಕನನ್ನು ಬೀಳ್ಕೊಡುತ್ತಿದ್ದರು. “ಈಗ್ಲೇನಾ?”

“ಈಗ್ಲೇ. ತೊಳೀತಾ ಹೇಳು.”

ಅವಳು ಕೈ ಒರೆಸಿಕೊಂಡು, ಸ್ಟೂಲ್ ಎಳೆದುಕೊಂಡು ಕೂತಳು. ವಾರಗಟ್ಟಲೆ ಆದ ಮೇಲೆ ಆ ಅಡಿಗೆಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಗಂಡ ತೋಳು ಮಡಚಿ ಸಿಂಕಿನೊಳಗೆ ಕೈಯಿಟ್ಟ. ಒಂದು ಪಾತ್ರೆ ಉಜ್ಜಿದ. ಇನ್ನೊಂದು ಉಜ್ಜಿದ. ನಲ್ಲಿ ನಿಲ್ಲಿಸಿದ.

“ಮೊದಲನೇ ಸಲ ಇಳೀಲಿಲ್ಲ,” ಅಂದ, ಗೋಡೆಯನ್ನೇ ನೋಡುತ್ತ. “ಆಮೇಲೆ ಅಭ್ಯಾಸ ಆಗೋಯ್ತು.”

ಅವಳು ಏಳಲಿಲ್ಲ. “ಮುಂದೆ ಹೇಳು,” ಅಂದಳು.